ಹನಿ ಪರೀಕ್ಷೆ

ತೊಕ್ಕೊಟ್ಟಿನಲ್ಲಿ ಬಸ್ಸಿಳಿದು, ಮೀನಿನ ಲಾರಿಗಳ ನಡುವೆ ರಸ್ತೆ ದಾಟಿ,
ಹದಿನೇಳು ಮೆಟ್ಟಿಲಿಗೂ ಬಯ್ಯುತ್ತ ಹತ್ತಿ ಬರುತ್ತಾಳೆ ಅವ್ವಮ್ಮ.
ಬಲ ಹೆಗಲನ್ನು ಎಡಗೈಯಲ್ಲಿ ಹಿಡಿದುಕೊಂಡು,
ನೆರೆಮನೆಯವರ ಮಗುವನ್ನು ಎತ್ತಿಕೊಂಡ ಹಾಗೆ.

ನಲವತ್ತು ವರ್ಷದ ಬೀಡಿ ಆ ಹೆಗಲಲ್ಲಿ.
ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಎಲೆ, ಕತ್ತರಿ, ನೂಲು;
ದಿನಕ್ಕೆ ಸಾವಿರ. ಬ್ರಾಂಚಿನವ ಮುರಿದು ಬಿಸಾಡಿದ್ದು
ಲೆಕ್ಕಕ್ಕಿಲ್ಲ.
ಹೆಗಲಿಗೆ ಮಾತ್ರ ಅದೂ ಲೆಕ್ಕ.

ಜೆಲ್ ಹಚ್ಚಿದರೆ, "ಯಾ ಅಲ್ಲಾ, ಎಂತ ತಣ್ಣಗೆ ಮಾರಾಯ್ತಿ,
ನಿನ್ನೆಯ ಗಂಜಿ ತೆಳಿಯಾ ಇದು?"
ಉಕ್ಕಿನ ತಲೆಯನ್ನು ಸಣ್ಣ ಸಣ್ಣ ಸುತ್ತು ತಿರುಗಿಸುತ್ತೇನೆ,
ದೋಸೆಕಲ್ಲಿಗೆ ಎಣ್ಣೆ ಸವರಿದ ಹಾಗೆ. ನಿಲ್ಲಿಸಬಾರದು,
ನಿಂತಲ್ಲಿ ಒಳಗೆ ಎಲುಬು ಸುಡುತ್ತದೆ.

"ಶಬ್ದದ ಮದ್ದು ಅಂದೆ. ಶಬ್ದ ಎಲ್ಲುಂಟು?"
ಕಿವಿಗೆ ಕೇಳುವಂಥದ್ದಲ್ಲ.
"ನಾಯಿಗೆ ಕೇಳ್ತದಾ?" ಇಲ್ಲ.
"ಬಾವಲಿಗೆ?" ಅದಕ್ಕೂ ಇಲ್ಲ,
ಸೆಕೆಂಡಿಗೆ ಹತ್ತು ಲಕ್ಷ ಸಲ ನಡುಗುತ್ತದೆ.
"ಹತ್ತು ಲಕ್ಷ!" ಎಂದವಳು ಸುಮ್ಮನಾದಳು.
ಸಾವಿರಕ್ಕೆ ಇಷ್ಟು ಎಂದು ಒಳಗೊಳಗೇ ಗುಣಿಸಿರಬೇಕು.

ಹತ್ತು ದಿನ, ದಿನಕ್ಕೆ ಎಂಟು ನಿಮಿಷ.
ಸೊಸೆಯ ಹೊಸ ಮೊಬೈಲು, ಈ ಸಲ ಕಡಲು
ತೆಂಗಿನ ಬುಡಕ್ಕೇ ಬಂದು ಹೋದದ್ದು, ಎಲ್ಲ ಹೇಳಿದಳು.
ಕೆಲವು ದಿನ ಏನೂ ಹೇಳದೆ ಗೊರಕೆ ಹೊಡೆದಳು.
ಹತ್ತನೆಯ ದಿನ ಕೈ ಎತ್ತಿ ತಲೆವಸ್ತ್ರ ತಾನೇ ಬಿಗಿದುಕೊಂಡು,
"ಅಟ್ಟದ ಡಬ್ಬ ಇಳಿಸಿದೆ, ಗೊತ್ತುಂಟಾ" ಎಂದು
ಬಿಸಿ ಆರದ ಪತ್ತಿರ್ ಮೇಜಿನ ಮೇಲಿಟ್ಟು ಹೋದಳು.

ಆ ಸಂಜೆ, ಕಾಲೇಜಿನಲ್ಲಿ ಕಲಿಸಿದ್ದು ಯಾಕೋ ನೆನಪಾಗಿ
ಯಂತ್ರದ ತಲೆಯನ್ನು ಅಂಗಾತ ಹಿಡಿದು
ಒಂದು ಹನಿ ನೀರು ಬಿಟ್ಟೆ.
ಜೀವ ಇದ್ದರೆ ಹನಿ ಕೊತಕೊತ ಅನ್ನಬೇಕು.
ಹಸಿರು ಅಂಕಿಗಳು ಸರಿಯಾಗಿಯೇ ಓಡುತ್ತಿದ್ದವು.
ಹನಿ ಅಲುಗಲಿಲ್ಲ.
ಟ್ಯೂಬ್‌ಲೈಟನ್ನು ಬೆನ್ನ ಮೇಲೆ ಹೊತ್ತು ಕೂತೇ ಇತ್ತು.

ಎಂದು ಸತ್ತಿತೋ.
ಹೋದ ತಿಂಗಳ ಆ ಸಿಡಿಲಿಗೇ ಇರಬೇಕು.

ಹೇಳದೆ ಇರಬಹುದಿತ್ತು.
ರಾತ್ರಿ ಪತ್ತಿರ್ ಗಂಟಲಲ್ಲಿ ನಿಂತಿತು; ಬೆಳಿಗ್ಗೆ ಹೇಳಿಬಿಟ್ಟೆ.

ಅವ್ವಮ್ಮ ಬೆರಳು ಮಡಿಸಿದಳು.
"ಹತ್ತೆಂಟ್ಲಿ ಎಂಬತ್ತು ನಿಮಿಷ.
ಅಷ್ಟರಲ್ಲಿ ನೂರೈವತ್ತು ಬೀಡಿ ಆಗ್ತಿತ್ತು.
ಕಟ್ಟದೆ ಬಿದ್ದುಕೊಂಡಿದ್ದೆನಲ್ಲ, ಅದೇ ಮದ್ದಿರಬೇಕು."
ಆಮೇಲೆ ಮುಖ ಗಂಟಿಕ್ಕಿ,
"ಅರ್ಧ ಹಣ ವಾಪಸ್ ಕೊಡು."

ಕೊಟ್ಟೆ. ಎರಡು ಸಲ ಎಣಿಸಿ ರವಿಕೆಯೊಳಗಿಟ್ಟಳು.
ಹೋಗಲಿಲ್ಲ.
ಮಂಚ ಹತ್ತಿ ಹೆಗಲನ್ನು ನನ್ನ ಕಡೆ ಮಾಡಿ ಮಲಗಿದಳು:
"ಅದನ್ನು ಆಚೆ ಇಡು, ಕೈಯಲ್ಲೇ ತಿರುಗಿಸು.
ಗಡಿಯಾರ ಮಾತ್ರ ಎಂಟಕ್ಕೇ ಇಡು,
ಎಲೆ ನೆನೆಹಾಕಿ ಬಂದಿದ್ದೇನೆ."