ಪೆಟ್ಟಿಗೆಯ ಅಳತೆ

ಕೊಲಾಬಾದ ತುದಿಯಲ್ಲಿ, ಕಂಪ್ಯೂಟರಿನೊಳಗೆ
ನಾನು ಸಾಕಿಕೊಂಡದ್ದು ಒಂದು ಪೆಟ್ಟಿಗೆ.
ಪರಮಾಣುವಿನ ಬೀಜ ಒಡೆದು
ಕ್ವಾರ್ಕುಗಳ ಗಂಜಿಯಾಗುವಷ್ಟು ಒತ್ತಡ, ಬಿಸಿ.
ಉದ್ದ ಐದೇ ಫರ್ಮಿ.

“ಎಷ್ಟಕ್ಕೆ ಕುದಿಯಿತು?” ದಸ್ತೂರ್ ಸರ್ ಕೇಳುತ್ತಾರೆ.
ಇಷ್ಟು ಚಿಕ್ಕದರಲ್ಲಿ ಗೆರೆ ಎಳೆದ ಹಾಗೆ ಬರುವುದಿಲ್ಲ ಸರ್,
ಗ್ರಾಫಿನ ಶಿಖರ ಸವೆದು ದಿಬ್ಬವಾಗಿದೆ,
ಕರಗಿದ್ದೂ ಇದೆ, ಕರಗದ್ದೂ.

ಈ ದಿಬ್ಬ ನನಗೆ ಹೊಸದಲ್ಲ.
ಭಾಂಡೂಪಿನ ಹತ್ತು ಬೈ ಹನ್ನೆರಡರ ಖೋಲಿ, ಏಳು ಜನ.
ಒಳಗು ಅನ್ನುವುದೇ ಇಲ್ಲ, ಬರೀ ಅಂಚು;
ಮಗ್ಗುಲು ತಿರುಗಿದರೆ ಗೋಡೆ, ಇಲ್ಲವೇ ಯಾರದೋ ಮೊಣಕೈ.
ಅಲ್ಲಿ ಯಾವ ಜಗಳವೂ ಇಂಥ ಗಳಿಗೆಗೆ ಹತ್ತಿದ್ದಲ್ಲ,
ಆರಿದ್ದೂ ಅಲ್ಲ.
ಅಕ್ಕ ಕುಸುಮಾಕ್ಷಿ ಮಾತು ಬಿಟ್ಟ ದಿನವೂ
ಹಲ್ಲು ಕಚ್ಚಿಕೊಂಡೇ
ನನ್ನ ತಲೆಗೆ ಎಣ್ಣೆ ತಿಕ್ಕಿದಳು.

ಈಗ ಅವಳಿಗೆ ಠಾಣೆಯಲ್ಲಿ ಮೂರು ಕೋಣೆ,
ನನಗಿಲ್ಲಿ ಕಡಲ ಕಡೆಗೆ ಎರಡು.
ಮಾತು ನಿಂತದ್ದು
ಜುಲೈ ಒಂಬತ್ತು, ಸಂಜೆ ಆರೂ ಹತ್ತು.

ಪೆಟ್ಟಿಗೆ ಹಿಗ್ಗಿಸಿ ನೋಡಮ್ಮ ಅಂದರು ಸರ್.
ಇಪ್ಪತ್ತು ಫರ್ಮಿ ಮಾಡಿ ಓಡಲು ಬಿಟ್ಟಿದ್ದೇನೆ.
ಬೆಳಗಾಗುವುದರೊಳಗೆ
ಶಿಖರ ಸೂಜಿಯಾಗಬಹುದು.
ಅಲ್ಲಿಯವರೆಗೆ
ಜಡೆ ಬಿಚ್ಚಿ ಕೂತಿದ್ದೇನೆ.