ಇಲ್ಲ ಅಂತ ಅಲ್ಲ

ಉಡುಪಿಯಲ್ಲಿ ಮೂರು ದಿನದ ತರಬೇತಿ.
ಮಧ್ಯಾಹ್ನದ ಊಟ, ಒಂದು ಪೆನ್ನು, ಹೋಗಿಬರುವ ಬಸ್ಸಿನ ದುಡ್ಡು,
ಕೊನೆಗೆ ಸುರುಳಿ ಸುತ್ತಿ ಕೊಟ್ಟರು ಈ ಪಟ.
ಹೊಳೆ ದಾಟುವಾಗ ಯಾರದೋ ಬುಟ್ಟಿಯ ನೀರು ಸೋರಿ
ಮೂಲೆ ನೆನೆಯಿತು.
ಈಗಲೂ ಮಳೆ ಹಿಡಿದರೆ
ತುರ್ತು ರವಾನೆ ಎಂಬ ಕೆಂಪು ಚೌಕದಿಂದ
ಸಣ್ಣಗೆ ಬೂತಾಯಿ ವಾಸನೆ.

ಲಸಿಕೆ ಪೆಟ್ಟಿಗೆಯ ಮೇಲೆ, ಕ್ಯಾಲೆಂಡರಿನ ಮೊಳೆಗೇ ನೇತು ಹಾಕಿದೆ.
ಮೇಲಿಂದ ಕೆಳಗೆ ಬಾಣ, ಬಾಣದ ತುದಿಗೆ ಪ್ರಶ್ನೆ,
ಪ್ರಶ್ನೆಗೆ ಎರಡೇ ಬಾಗಿಲು:
ಎಡಕ್ಕೆ ಹೌದು, ಬಲಕ್ಕೆ ಇಲ್ಲ.

ಬೆಂಗ್ರೆಯ ಜನ ಬಾಗಿಲಲ್ಲಿ ಬರುವವರಲ್ಲ.
ಜ್ವರ ಎಷ್ಟು ದಿನದಿಂದ, ನೆಬಿಸಮ್ಮ?
"ಬಲೆಗೆ ಅಂಜಲ್ ಬಿತ್ತಲ್ಲ ಸಿಸ್ಟರೇ, ಅದರ ಮಾರನೇ ದಿನದಿಂದ."
ಅಂಜಲ್ ಬಿದ್ದದ್ದು ಯಾವಾಗ ಅಂತ ನಾನು ದೋಣಿಯವನನ್ನು ಕೇಳಿ
ಅವನು ಐಸಿನವನನ್ನು ಕೇಳಿ
ಲೆಕ್ಕ ಐದಕ್ಕೆ ಬಂದು ನಿಂತಿತು.
ಐದಾದರೆ ರಕ್ತ ತೆಗೆಯಬೇಕು. ತೆಗೆದೆ.

ತಲೆಸುತ್ತು ಇದೆಯಾ ಅಂದರೆ ಬೇಬಿಯಕ್ಕ
"ಇಜ್ಜಿ" ಅನ್ನುತ್ತಾಳೆ,
ಸೆರಗಿನ ತುದಿ ಸುತ್ತಿ, ಬಿಚ್ಚಿ,
"ಇಜ್ಜಿಂದ್ ಅತ್ತ್."
ಇಲ್ಲ ಅಂತ ಅಲ್ಲ.
ಪಟ ಬರೆದವರಿಗೆ ಇಲ್ಲ ಒಂದೇ ಗೊತ್ತು, ಅಲ್ಲ ಗೊತ್ತಿಲ್ಲ.
ನಮ್ಮೂರಿನ ಅರ್ಧ ಕಾಯಿಲೆ ಆ ಎರಡರ ನಡುವೆಯೇ
ಚಪ್ಪಲಿ ಕಳಚಿ ಕೂತಿರುತ್ತದೆ.

ಹಾಗಂತ ಹಳಿಯಲಾರೆ.
ಆಟಿಯ ಒಂದು ರಾತ್ರಿ, ಕಡವು ನಿಂತಿತ್ತು, ಕರೆಂಟಿಲ್ಲ.
ಚಂಚಲಾಕ್ಷಿಯ ಕೂಸು, ಒಂಬತ್ತು ತಿಂಗಳು,
ಮೂಗು ಸೋರುತ್ತಿತ್ತು, ನಡುನಡುವೆ ನಗುತ್ತಲೂ ಇತ್ತು.
ಇಪ್ಪತ್ತೆರಡು ವರ್ಷದ ನನ್ನ ಸರ್ವೀಸು ಹೇಳಿತು:
ಶೀತ. ಸಿರಪ್ಪು ಕೊಟ್ಟು ಕಳಿಸು.
ಪಟ ಹೇಳಿತು: ಅಂಗಿ ಎತ್ತು. ಪೂರ್ತಿ ಒಂದು ನಿಮಿಷ ಎಣಿಸು.
ಟಾರ್ಚು ಅಜ್ಜಿಯ ಕೈಯಲ್ಲಿ, ವಾಚು ನನ್ನದು.
ಅರ್ಧಕ್ಕೆ ನಿಲ್ಲಿಸಿ ಎರಡರಿಂದ ಗುಣಿಸುವ ಆಸೆ,
ಮಾಡಲಿಲ್ಲ.
ಐವತ್ತು, ಐವತ್ತೊಂದು, ಐವತ್ತೆರಡು,
ಮುಳ್ಳು ಇನ್ನೂ ಹತ್ತರ ಮೇಲೆ.
ಅರವತ್ತಮೂರು.
ಪಕ್ಕೆಲುಬಿನ ಕೆಳಗೆ ಉಸಿರು ಉಸಿರಿಗೂ ಒಂದು ಗುಳಿ,
ಅಲೆ ಸರಿದ ಮರಳಲ್ಲಿ ಏಡಿ ಒಳಗಿಳಿದ ಹಾಗೆ.
ನಾನು ನೋಡದೇ ಇರಬಹುದಾಗಿದ್ದ ಗುಳಿ.

ಮೊದಲ ಡೋಸು ಹಾಕಿದೆ. ಪುರಂದರಣ್ಣ
ಒಂದು ಮಾತೂ ಆಡದೆ ದೋಣಿಯ ಹಗ್ಗ ಬಿಚ್ಚಿದ.
ಆಚೆ ದಡದವರೆಗೂ ಎಣಿಸುತ್ತಲೇ ಇದ್ದೆ,
ಉಸಿರೋ ಹುಟ್ಟೋ ಗೊತ್ತಾಗದೆ.
ಆ ಹುಡುಗಿಗೆ ಈಗ ನಾಲ್ಕು ವರ್ಷ. ನನ್ನ ಬಿಳಿ ಕೋಟು ಕಂಡರೆ
ಮೀನಿನ ಕ್ರೇಟಿನ ಹಿಂದೆ ಅಡಗುತ್ತಾಳೆ.

ಪಟದ ಅಂಚಿನಲ್ಲಿ ಪೆನ್ಸಿಲಿನಿಂದ ಮೂರನೇ ಬಾಣ ಎಳೆದಿದ್ದೇನೆ.
ಅದರ ತುದಿಗೆ ನಾನೇ ಬರೆದ ಚೌಕ:
ಕೂರಿಸು. ನೀರು ಕೊಡು. ಬೇರೆ ಮಾತಾಡಿ ಮತ್ತೆ ಕೇಳು.
ತಾಲೂಕಿನಿಂದ ತಪಾಸಣೆಗೆ ಬಂದ ಸಾಹೇಬರು ಕನ್ನಡಕ ಏರಿಸಿ
"ಇದು ನಮ್ಮ ಫಾರ್ಮಿನಲ್ಲಿ ಇಲ್ಲವಲ್ಲ, ಅಳಿಸಿ" ಅಂದರು.
ತಿಂಗಳ ಮೇಲೆ ಫೋನು: ಇನ್ನೂ ಅಳಿಸಲಿಲ್ಲವಾ?

ಬೇಬಿಯಕ್ಕ ಬೆಂಚಿನ ತುದಿಯಲ್ಲಿದ್ದಳು,
ಕೈಗೆ ಸಿಗಡಿ ಸುಲಿದ ಗಾಯ, ಲೋಟದ ನೀರು ಅರ್ಧ ಮುಗಿದಿತ್ತು,
ಬಾಯಿ ಈಗಷ್ಟೇ ತೆರೆಯುತ್ತಿತ್ತು.
"ಇಲ್ಲ ಅಂತ ಅಲ್ಲ, ಸರ್," ಅಂದು
ಫೋನು ಮಗುಚಿ ಇಟ್ಟೆ.