ಮೂರು ಮಿನಿಟು ಕಮ್ಮಿ

ಫೋನಿನ್ಯಾಗ ಎರಡು ಅದಾವು:
ಒಂದು ನಲವತ್ತೈದು ಮಿನಿಟಿಂದು, ಇನ್ನೊಂದು ಏಳರದು.

ಉದ್ದಂದು ಯುಗಾದಿಗೆ ಸುರು ಮಾಡಿದ್ದೆ.
ಮೂರು ಸಲ ಆತು. ನಾಕನೇ ಸಲ
ಜಿಗಿಯೂ ಪಾಳಿ ಬಂದಾಗ ಕೆಳಗಿನ ಮನಿ ಇಂದೂಬಾಯಿ
ಕಸಬರಿಗಿ ಹಿಡಿಕಿಲೆ ಮಾಳಗಿ ಬಡದ್ರು:
'ಏನವಾ, ಹೊತ್ತಿಲ್ಲದ ಹೊತ್ತಿನ್ಯಾಗ
ಖಾರ ಕುಟ್ಟಾಕ ಹತ್ತೀಯೇನು?'

ಗಿಡ್ಡಂದು ಬರೋಬ್ಬರಿ.
ಕುಕ್ಕರಿನ ಮೂರು ಸೀಟಿಯೊಳಗ ಮುಗೀತೈತಿ.
ಬೆವರು ಬರೂದ್ರಾಗ ಮುಗೀತೈತಿ, ಅದs ತ್ರಾಸು.
ಮೈ ಈಗಷ್ಟ ಬಾಗಲಾ ತಗದಿರತೈತಿ,
ಬಾ ಅನ್ನೂದ್ರಾಗ ನಾ ಹೊಳ್ಳಿ ಹೋದಂಗ.

ಡಿಪೋದಾಗ ಡ್ರೈವರ್ ಹಾವನೂರ ನಗತಾನ:
'ಹುಬ್ಬಳ್ಳಿ-ಗದಗ ನಾಕು ಸಿಂಗಲ್ಲು ನಿಂತs ಇರತಿ,
ನಿಂಗ್ಯಾಕ ಬೇಕು ಮತ್ತ?'
ನಿಲ್ಲೂದು ವ್ಯಾಯಾಮ ಆಗಿದ್ರ
ಅಣ್ಣಿಗೇರಿ ಸ್ಟ್ಯಾಂಡಿನ ಕಂಬ
ಇಷ್ಟೊತ್ತಿಗೆ ಪೈಲವಾನ ಆಗಬೇಕಿತ್ತಲ್ಲ.

ರಾತ್ರಿ ರೊಕ್ಕ ಕಟ್ಟಿ ಬಂದು
ಹಳೇ ಟ್ರಿಪ್ ಶೀಟಿನ ಹಿಂದ ಲೆಕ್ಕಾ ಹಾಕಿದೆ:
ಏಳು ಮಿನಿಟು, ವಾರಕ್ಕ ಆರು ದಿನ,
ನಲವತ್ತೆರಡು.
ಮೂರು ಮಿನಿಟು ಕಮ್ಮಿ.
ಕಮ್ಮಿ ಬಿದ್ರ ಕಂಡಕ್ಟರನs ತುಂಬಬೇಕು, ರೂಲ್ಸು.

ಇವತ್ತು ವೀಕ್ ಆಫ್.
ಆ ಮೂರು ಮಿನಿಟು ಉದ್ದದ್ದರ ಕಡೆ ಕಡಾ ಇಸಗೊಂಡೆ:
ಕಟ್ಟಕಡೀಕ ಬರೂವಂಥಾದ್ದು,
ಚಾಪಿ ಮ್ಯಾಲ ಅಂಗಾತ, ಕಣ್ಣು ಮುಚ್ಚಿ,
ಏನೂ ಮಾಡಬಾರದು.

ಕುಕ್ಕರು ನಾಕನೇ ಸೀಟಿ ಹೊಡೀತು.
ಹೊಡೀಲಿ.
ಕೆಳಗಿಂದ ಇಂದೂಬಾಯಿ ಕೂಗಿದ್ರು:
'ಯಾಕವಾ, ಸಪ್ಪಳs ಇಲ್ಲ,
ಆರಾಮ ಅದೀ ಹೌದಿಲ್ಲೋ?'